‘ರನ್ ಮುಗೀಲಿ ಮೇಡಂ, ಆಮೇಲೆ ನೋಡೋಣ’

ಪಿಎಚ್‌ಡಿ ಮುಗಿಸಿ ಪೋಸ್ಟ್‌ಡಾಕ್ (ತಾತ್ಕಾಲಿಕ ಸಂಶೋಧನಾ ಕೆಲಸ) ಮಾಡುತ್ತಿರುವವರು ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಬರುವುದು ಈಚೆಗೆ ಜಾಸ್ತಿಯಾಗಿದೆ. ಕಥೆ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಒಬ್ಬರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಇವರು ಇರುವುದು ಜರ್ಮನಿಯಲ್ಲಿ. ಪ್ರೋಟೀನ್ ಹೇಗೆ ಅಲುಗಾಡುತ್ತೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ನೋಡುವ ಕೆಲಸ. ಲೆಕ್ಕದ ಒಂದು ಹೆಜ್ಜೆಗೆ ಸಾಮಾನ್ಯವಾಗಿ 2 ಫೆಮ್ಟೊಸೆಕೆಂಡ್, ಅಂದರೆ ಒಂದೇ ಒಂದು ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು) ನೋಡಬೇಕಾದರೂ 50 ಕೋಟಿ ಹೆಜ್ಜೆ ಬೇಕು, ಅದಕ್ಕೆ ಕ್ಲಸ್ಟರ್‌ನಲ್ಲಿ (ಹಲವರು ಹಂಚಿಕೊಳ್ಳುವ ಕಂಪ್ಯೂಟರ್‌ಗಳ ಗುಂಪು) ಸರದಿ ಬೇರೆ ಕಾಯಬೇಕು. ಹೀಗೆ ಲೆಕ್ಕವನ್ನು ಒಂದು ಸಲ ಪೂರ್ತಿ ಓಡಿಸೋದೇ ‘ರನ್’. ರಾತ್ರಿ ಎದ್ದೆದ್ದು ಅದು ಓಡ್ತಿದೆಯಾ ಅಂತ ಫೋನ್ ನೋಡುತ್ತಾರೆ. ಜೊತೆಗೆ ಎಐ ಭಯ. ಪ್ರೋಟೀನ್‌ಗಳ ಆಕಾರ ಊಹಿಸುವ ಎಐ ಆಲ್ಫಾಫೋಲ್ಡ್ ಕಟ್ಟಿದ ಹಸ್ಸಾಬಿಸ್, ಜಂಪರ್ ಇಬ್ಬರಿಗೂ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತಲ್ಲ, ಆಗಿನಿಂದ ನಿನ್ನ ಕೆಲಸ ಉಳಿಯುತ್ತಾ ಅಂತ ಮನೆಯವರೂ ಕೇಳೋಕೆ ಶುರು ಮಾಡಿದ್ದಾರೆ. ಆಲ್ಫಾಫೋಲ್ಡ್ ಮುಖ್ಯವಾಗಿ ಆಕಾರ ಹೇಳುತ್ತೆ, ಚಲನೆಯನ್ನಲ್ಲ ಅಂತ ಇವರಿಗೆ ಗೊತ್ತು. ಆದರೆ ಚಲನೆಯನ್ನೂ ಊಹಿಸುವ ಮಾಡೆಲ್‌ಗಳು ಬರ್ತಿವೆ, ನನ್ನ ಪೇಪರ್‌ಗಿಂತ ಮುಂಚೆ ಅವೇ ಬಂದುಬಿಟ್ಟರೆ ಅನ್ನೋದು ಇವರ ಚಿಂತೆ.

ಮದುವೆ ಮಾತು? ರನ್ ಮುಗೀಲಿ. ಊರಿಗೆ ಬರೋದು? ರನ್ ಮುಗೀಲಿ. ಹಲ್ಲುನೋವಿಗೆ ಡಾಕ್ಟರ್ ಹತ್ತಿರ ಹೋಗೋಕೂ ರನ್ ಮುಗೀಬೇಕು!

ಒಂದು ದಿನ ಕೇಳಿದೆ, “ಸರಿ, ಇವತ್ತು ರಾತ್ರಿ ರನ್ ಮುಗೀತು, ರಿಸಲ್ಟೂ ಚೆನ್ನಾಗಿ ಬಂತು ಅಂದ್ಕೊಳ್ಳಿ. ನಾಳೆ ಬೆಳಿಗ್ಗೆ ಏನು ಮಾಡ್ತೀರಿ?”

“ಇನ್ನೆರಡು ರೆಪ್ಲಿಕಾ ಹಾಕ್ತೀನಿ ಮೇಡಂ, ಅಂದ್ರೆ ಅದೇ ರನ್ ಮತ್ತೆರಡು ಸಲ. ಒಂದೇ ರನ್ ನಂಬೋಕಾಗಲ್ಲ.”

ವಿಜ್ಞಾನದ ಲೆಕ್ಕದಲ್ಲಿ ಉತ್ತರ ಸರಿಯೇ. ಹೇಳಿದ ಮೇಲೆ ಅವರಿಗೇ ನಗು ಬಂತು, ಆಮೇಲೆ ಕ್ಯಾಮೆರಾ ಆಫ್ ಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ದನಿ ಮಾತ್ರ ಕೇಳಿಸಿತು, “ಹಾಗಾದ್ರೆ ಇದು ಮುಗಿಯೋದೇ ಇಲ್ಲ, ಅಲ್ವಾ?”

“ಇಲ್ಲ. ಆದರೆ ನಿಮ್ಮ ಕಾಂಟ್ರಾಕ್ಟ್ ಮುಗಿಯುತ್ತೆ. ಮುಂದುವರಿಸ್ತಾರಾ?”

ಅದನ್ನು ಅವರು ಪ್ರೊಫೆಸರ ಹತ್ತಿರ ಕೇಳಿಯೇ ಇರಲಿಲ್ಲ. ಅಲ್ಲಿನ ಕಾನೂನಿನ ಪ್ರಕಾರ ಪಿಎಚ್‌ಡಿ ಆದ ಮೇಲೆ ವಿಶ್ವವಿದ್ಯಾಲಯದ ತಾತ್ಕಾಲಿಕ ಹುದ್ದೆಯಲ್ಲಿ ಸಾಮಾನ್ಯವಾಗಿ ಆರು ವರ್ಷ ಮಾತ್ರ ಇರಬಹುದು, ಹೊರಗಿನ ಪ್ರಾಜೆಕ್ಟ್ ದುಡ್ಡಿದ್ದರೆ ಬೇರೆ ಲೆಕ್ಕ. ಇಷ್ಟು ಗೊತ್ತಿದ್ದವರೇ ಕೇಳಿರಲಿಲ್ಲ.

ನಾನು ಹೇಳಿದ್ದು ಇಷ್ಟೇ. ಈ ವಾರದೊಳಗೆ ಪ್ರೊಫೆಸರಿಗೆ ಮೇಲ್ ಹಾಕಿ: ದುಡ್ಡು ಯಾವ ತಿಂಗಳವರೆಗೆ ಇದೆ, ಪೇಪರ್‌ಗೆ ಎಷ್ಟು ಡೇಟಾ ಸಾಕು. ಬೇರೆ ಕೆಲಸಕ್ಕೆ ಅರ್ಜಿ ಹಾಕೋಕೆ ಒಂದು ತಾರೀಖು ಗುರುತು ಮಾಡಿಕೊಳ್ಳಿ, ರಿಸಲ್ಟ್ ಏನೇ ಬರಲಿ ಅದು ಕದಲಬಾರದು. ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟನ್ನು ಮಾತ್ರ ಆಗಲೇ, ನನ್ನೆದುರಿಗೇ ತಗೊಳ್ಳಿಸಿದೆ.

ಅವರ ಅಣ್ಣ ಫೋನ್ ಮಾಡಿ, “ಬೆಂಗಳೂರಿಗೆ ಬಂದು ಕಂಪನಿ ಸೇರು ಅಂತ ನೀವಾದ್ರೂ ಹೇಳಿ ಮೇಡಂ” ಅಂದಿದ್ದರು. ಹೇಳಲಿಲ್ಲ. ಅದು ನನ್ನ ಕೆಲಸವಲ್ಲ. ಎಐ ನಿಮ್ಮನ್ನೇನೂ ಮಾಡಲ್ಲ ಬಿಡಿ ಅಂತ ಸಮಾಧಾನವನ್ನೂ ಹೇಳಲಿಲ್ಲ. ಮುಂದಿನ ವರ್ಷ ಯಾವ ಮಾಡೆಲ್ ಬರುತ್ತೋ ನಾನು ಹೇಗೆ ಹೇಳಲಿ? ಸುಮ್ನೆ ಧೈರ್ಯ ತುಂಬಿದರೆ ಮತ್ತೆ ಆರು ತಿಂಗಳು ಹಾಗೇ ಕೂತಿರುತ್ತಿದ್ದರು. ಅವರಿಗೆ ಬೇಕಿದ್ದಿದ್ದು ಒಂದು ತಾರೀಖು. ನಿಷ್ಠುರ ಅನ್ನುವವರು ಅನ್ನಲಿ.

ಪ್ರೊಫೆಸರ ಉತ್ತರ ಮರುದಿನವೇ ಬಂತು. ದುಡ್ಡು ಮುಂದಿನ ಜೂನ್‌ವರೆಗೆ ಇದೆ, ಇರುವ ಡೇಟಾ ಸಾಕು, ಬರೆಯೋಕೆ ಶುರು ಮಾಡು ಅಂತ. ಇವರಿಗೆ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು, ಇಷ್ಟು ದಿನ ಅವರೇ ಯಾಕೆ ಹೇಳಲಿಲ್ಲ ಅಂತ. ಮುಂದಿನ ಭೇಟಿಯಿಡೀ ಆ ಸಿಟ್ಟಿಗೇ ಹೋಯಿತು. ನಾನೂ ತಡೆಯಲಿಲ್ಲ.