ಬಿಗ್ ಸ್ಟಾರ್: ಹೊಗಳಿಕೆಯಿದ್ದರೂ ಮಾರಾಟ ಏಕಾಗಲಿಲ್ಲ?

ಅಮೆರಿಕದ ರಾಕ್ ತಂಡ ಬಿಗ್ ಸ್ಟಾರ್‌ನ ಮೊದಲ ಆಲ್ಬಂ ‘ನಂಬರ್ ಒನ್ ರೆಕಾರ್ಡ್’ (1972) ವಿಮರ್ಶಕರ ಮೆಚ್ಚುಗೆ ಪಡೆದೂ ಏಕೆ ಮಾರಾಟವಾಗಲಿಲ್ಲ, ಕೇಳಲು ಯಾವ ಹಾಡಿನಿಂದ ತೊಡಗಬೇಕು ಎಂದು ತಾವು ಕೇಳಿದ್ದೀರಿ. ಸಂಗೀತದಲ್ಲಿ ಕೊರತೆಯಿರಲಿಲ್ಲ. ಅಮೆರಿಕದ ಮೆಂಫಿಸ್ ನಗರದ ಆರ್ಡೆಂಟ್ ಸ್ಟುಡಿಯೋದಲ್ಲಿ ಧ್ವನಿಮುದ್ರಣಗೊಂಡ ಈ ಆಲ್ಬಮ್ಮಿನ ವಿತರಣೆಯ ಹೊಣೆ ಹೊತ್ತಿದ್ದ ಸ್ಟ್ಯಾಕ್ಸ್, ಸೋಲ್ ಸಂಗೀತಕ್ಕೆ (ಕಪ್ಪು ಅಮೆರಿಕನ್ನರ ಜನಪ್ರಿಯ ಸಂಗೀತ ಪ್ರಕಾರ) ಹೆಸರಾದ ಸಂಸ್ಥೆ; ಈ ರಾಕ್ ಆಲ್ಬಮ್ಮನ್ನು ಅಂಗಡಿಗಳಿಗೆ ತಲುಪಿಸುವಲ್ಲಿ ಅದು ಸೋತಿತು; ಹೊಗಳಿಕೆ ಓದಿ ಅಂಗಡಿಗೆ ಹೋದವರಿಗೆ ಅಲ್ಲಿ ರೆಕಾರ್ಡೇ ಸಿಗುತ್ತಿರಲಿಲ್ಲ. ಮನನೊಂದ ತಂಡದ ಗಾಯಕ, ಗಿಟಾರ್ ವಾದಕ ಕ್ರಿಸ್ ಬೆಲ್ ಆ ವರ್ಷವೇ ತಂಡವನ್ನು ತೊರೆದರು.

‘ಥರ್ಟೀನ್’ನಿಂದ ತೊಡಗಿರಿ. ಡ್ರಮ್ಸ್ ಇಲ್ಲ, ಅಕೌಸ್ಟಿಕ್ ಗಿಟಾರುಗಳ ನಡುವೆ, ಹದಿನಾರರ ಹರೆಯದಲ್ಲೇ ಬಾಕ್ಸ್ ಟಾಪ್ಸ್ ತಂಡಕ್ಕೆ ಗಡಸು ದನಿಯಲ್ಲಿ ಹಾಡಿ ಪ್ರಸಿದ್ಧರಾಗಿದ್ದ, ಬಿಗ್ ಸ್ಟಾರ್‌ನ ಮತ್ತೊಬ್ಬ ಗಾಯಕ ಅಲೆಕ್ಸ್ ಚಿಲ್ಟನ್, ಇಲ್ಲಿ ಸಂಕೋಚದ ಹುಡುಗನೊಬ್ಬ ಶಾಲೆಯಿಂದ ಗೆಳತಿಯ ಜೊತೆ ಮನೆಗೆ ನಡೆದುಬರಲು ಅನುಮತಿ ಕೇಳುವಂತೆ ಮೆಲ್ಲಗೆ ಹಾಡುತ್ತಾರೆ. ಬಳಿಕ ‘ದ ಬ್ಯಾಲಡ್ ಆಫ್ ಎಲ್ ಗೂಡೊ’ ಕೇಳಿ, ಅದರ ಪಲ್ಲವಿಯಲ್ಲಿ ದನಿಗಳು ಒಂದರ ಮೇಲೊಂದು ಸೇರಿಕೊಳ್ಳುವ ಬಗೆಯನ್ನು ಗಮನಿಸಿರಿ.

ತಂಡದ ಬೇಸ್ ಗಿಟಾರ್ ವಾದಕ ಆಂಡಿ ಹಮ್ಮೆಲ್ ಬರೆದ ‘ದಿ ಇಂಡಿಯಾ ಸಾಂಗ್’ ಮಾತ್ರ, ಭಾರತವನ್ನು ಹಗಲುಗನಸಿನಲ್ಲಷ್ಟೇ ಕಾಣುವ ಕಾರಣ, ನಮಗೆ ತುಸು ನಗು ತರಿಸೀತು; ನನ್ನ ಮಟ್ಟಿಗೆ ಆಲ್ಬಮ್ಮಿನ ದುರ್ಬಲ ಹಾಡು ಅದೊಂದೇ.