ಕಡ್ಡಾಯ ಅಲ್ಲ ಅಂದರೆ ಬೇಡ ಅಂತಲಾ?

ಪ್ರಶ್ನೆ: ನಾವು ಪ್ಯಾರಿಸ್ ಹೊರವಲಯದಲ್ಲಿದ್ದೇವೆ. ಮಗಳಿಗೆ ಎರಡು ತಿಂಗಳು. ಕ್ರೆಶ್‌ನವರು (ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರದವರು) ಕೊಟ್ಟ ಲಸಿಕೆ ಪಟ್ಟಿಯಲ್ಲಿ ಬಿಸಿಜಿ, ಅಂದರೆ ಟಿಬಿ ಲಸಿಕೆ, ಇಲ್ಲ. ಡಾಕ್ಟರನ್ನು ಕೇಳಿದರೆ "2007ರಿಂದ ಕಡ್ಡಾಯ ಇಲ್ಲ" ಅಂದು ಸುಮ್ಮನಾದರು. ಅತ್ತೆ ಮಾತ್ರ ಫೋನ್ ಮಾಡಿದಾಗಲೆಲ್ಲ "ಟಿಬಿ ಇಂಜೆಕ್ಷನ್ ಆಯ್ತಾ?" ಅಂತಾರೆ. ಮೂರು ತಿಂಗಳು ಕಳೆದು ಆರು ವಾರದ ಮಟ್ಟಿಗೆ ಭಾರತಕ್ಕೆ ಹೋಗುವವರಿದ್ದೇವೆ. ಯಾರ ಮಾತು ಕೇಳಲಿ?

ಉತ್ತರ: ಈ ಸಲ ಅತ್ತೆಯ ಮಾತು ಕೇಳಿ. ಡಾಕ್ಟರ್ ಹೇಳಿದ್ದು ಸುಳ್ಳಲ್ಲ, ಅರ್ಧಕ್ಕೇ ನಿಲ್ಲಿಸಿದ್ದಾರೆ ಅಷ್ಟೇ.

ಫ್ರಾನ್ಸಿನಲ್ಲಿ 1950ರಿಂದ ಬಿಸಿಜಿ ಕಡ್ಡಾಯವಾಗಿತ್ತು. 2007ರ ಜುಲೈನಲ್ಲಿ ಆ ಕಡ್ಡಾಯವನ್ನು ನಿಲ್ಲಿಸಿದರು. ಆದರೆ ಅಪಾಯ ಜಾಸ್ತಿ ಇರುವ ಮಕ್ಕಳಿಗೆ ಹಾಕಿಸಿ ಅಂತ ಸರ್ಕಾರ ಆಗಲೂ ಹೇಳಿತು, ಈಗಲೂ ಹೇಳುತ್ತದೆ. ಟಿಬಿ ಹೆಚ್ಚಿರುವ ದೇಶದಿಂದ ಬಂದ ಅಪ್ಪ ಅಮ್ಮನ ಮಕ್ಕಳು, ಅಂಥ ದೇಶಕ್ಕೆ ಒಂದು ತಿಂಗಳಿಗಿಂತ ಜಾಸ್ತಿ ಹೋಗುವ ಮಕ್ಕಳು, ಇಲ್-ದ-ಫ್ರಾನ್ಸ್ (ಪ್ಯಾರಿಸ್ ಮತ್ತು ಅದರ ಸುತ್ತಲಿನ) ಪ್ರದೇಶದಲ್ಲಿ ಬೆಳೆಯುವ ಮಕ್ಕಳು. ನಿಮ್ಮ ಮಗಳು ಈ ಮೂರರಲ್ಲೂ ಬರುತ್ತಾಳೆ! 2018ರಲ್ಲಿ ಕಡ್ಡಾಯ ಲಸಿಕೆಗಳನ್ನು 3ರಿಂದ 11ಕ್ಕೆ ಏರಿಸಿದಾಗಲೂ ಬಿಸಿಜಿಯನ್ನು ಸೇರಿಸಲಿಲ್ಲ. ಕ್ರೆಶ್ ಪಟ್ಟಿಯಲ್ಲಿ ಕಾಣದ್ದು ಅದಕ್ಕೇ.

ನಾನು ಪ್ಯಾರಿಸ್ ಪಕ್ಕದ ಒಂದು ತಾಯಿ-ಮಗು ಕೇಂದ್ರದಲ್ಲಿ (ಅಲ್ಲಿಯವರು ಪಿಎಂಐ ಅಂತಾರೆ) ಬಹಳ ವರ್ಷ ಇದ್ದೆ. 2007ಕ್ಕೆ ಮುಂಚೆ ಆಗಸ್ಟ್ ಕೊನೆ ಬಂತೆಂದರೆ ಅಪ್ಪಂದಿರು ಕ್ರೆಶ್ ಫಾರಂ ಹಿಡಿದು ಓಡಿ ಬರುತ್ತಿದ್ದರು. ಬಿಸಿಜಿ ಇಲ್ಲದೆ ಸೇರಿಸಿಕೊಳ್ಳುತ್ತಿರಲಿಲ್ಲವಲ್ಲ. ಆಮೇಲೆ ಆ ಓಟ ನಿಂತಿತು. ಮಾಲಿ ದೇಶದ ಒಬ್ಬ ತಾಯಿಗೆ ಯಾರೋ "ಕಡ್ಡಾಯ ಅಲ್ಲ" ಅಂದಿದ್ದರು. ಆಕೆಗೆ ಕೇಳಿಸಿದ್ದು "ಬೇಕಾಗಿಲ್ಲ" ಅಂತ. ಹುಡುಗನಿಗೆ ಮೂರು ವರ್ಷ ಆಗುವವರೆಗೂ ಯಾರೂ ಅವನ ಆರೋಗ್ಯ ಪುಸ್ತಕದ ಆ ಖಾಲಿ ಜಾಗ ನೋಡಿರಲಿಲ್ಲ. ಯಾರಿಗೆ ಹೆಚ್ಚು ಬೇಕೋ ಅವರೇ ತಪ್ಪಿಹೋದರು. ನನಗೆ ಇವತ್ತಿಗೂ ಬೇಜಾರು ಅದೇ.

ಕಾನೂನನ್ನೊಂದನ್ನೇ ದೂರುವಂತಿಲ್ಲ. ಮೊದಲು ಈ ಲಸಿಕೆ ಹಾಕಲು ಮುಳ್ಳುಮುಳ್ಳಿನ ಒಂದು ಸಣ್ಣ ಉಂಗುರದಂಥ ಸಾಧನ ಇತ್ತು. ತೋಳಿಗೆ ಒತ್ತಿದರೆ ಮುಗೀತು. ಕಾನೂನು ಹೋಗುವುದಕ್ಕೆ ಒಂದೂವರೆ ವರ್ಷ ಮುಂಚೆಯೇ ಅದು ಮಾರುಕಟ್ಟೆಯಿಂದ ಹೋಯಿತು. ಉಳಿದದ್ದು ಸೂಜಿ. ಎರಡು ತಿಂಗಳ ಕೂಸಿನ ತೋಳಿನಲ್ಲಿ, ಚರ್ಮದ ಪದರದೊಳಗೇ, 0.05 ಮಿಲಿಲೀಟರ್ ಬಿಡಬೇಕು. ಸರಿಯಾಗಿ ಹೋದರೆ ಕಿತ್ತಳೆ ಸಿಪ್ಪೆಯ ಹಾಗೆ ಬೆಳ್ಳಗೆ ಒಂದು ಗುಳ್ಳೆ ಏಳುತ್ತದೆ. ಸ್ವಲ್ಪ ಆಳಕ್ಕೆ ಹೋದರೆ ಗುಳ್ಳೆಯೂ ಇಲ್ಲ, ಆಮೇಲೆ ಹುಣ್ಣಿನ ಕಾಟ ಬೇರೆ. ಮೊದಮೊದಲು ನನ್ನ ಕೈಯೂ ನಡುಗಿದೆ, ಮುಚ್ಚಿಡುವುದೇನು. ಇನ್ನು ಒಂದು ಸೀಸೆಯಲ್ಲಿ ಹಲವು ಮಕ್ಕಳಿಗೆ ಆಗುವಷ್ಟು ಇರುತ್ತದೆ. ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಒಂದು ಮಗುವಿಗಾಗಿ ಯಾವ ಖಾಸಗಿ ಡಾಕ್ಟರ್ ಸೀಸೆ ಒಡೆಯುತ್ತಾರೆ ಹೇಳಿ? ಹೀಗಾಗಿ ಕಡ್ಡಾಯ ಇರುವಾಗಲೇ ಲಸಿಕೆ ಹಾಕುವುದು ಕಡಿಮೆಯಾಗಿತ್ತು.

ನೀವು ನೇರ ಪಿಎಂಐಗೇ ಹೋಗಿ. ಆರು ವರ್ಷದೊಳಗಿನ ಮಕ್ಕಳಿಗೆ ದುಡ್ಡಿಲ್ಲ. ಬಿಸಿಜಿಗೆ ಅಂತ ಒಂದು ದಿನ ಇಟ್ಟುಕೊಂಡಿರುತ್ತಾರೆ, ಕಾಯಬೇಕಾಗಬಹುದು, ಇವತ್ತೇ ಫೋನ್ ಮಾಡಿ. ಹೋಗಿಬಂದ ಮೇಲೆ ನೋಡೋಣ ಅನ್ನಬೇಡಿ. ಅಂಥ ದೇಶದಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ಇದ್ದು ಬಂದರೆ ಮೊದಲು ಟಿಬಿ ಸೋಂಕು ತಗಲಿದೆಯಾ ಅಂತ ಚರ್ಮದ ಪರೀಕ್ಷೆ ಮಾಡಿಸಿ, ಎರಡು ಮೂರು ದಿನ ಬಿಟ್ಟು ಅದರ ಫಲಿತಾಂಶ ನೋಡಿಸಿ, ಆಮೇಲೆ ಲಸಿಕೆ. ಸುಮ್ನೆ ಓಡಾಟ.

ಈ ಲಸಿಕೆ ದೊಡ್ಡವರ ಶ್ವಾಸಕೋಶದ ಟಿಬಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಪುಟ್ಟ ಮಕ್ಕಳಲ್ಲಿ ಮಿದುಳಿನ ಪೊರೆಗೆ ತಗಲುವ ಟಿಬಿಯಿಂದ ಚೆನ್ನಾಗಿ ಕಾಪಾಡುತ್ತದೆ. ನಮಗೆ ಬೇಕಾದ್ದು ಅದೇ ಅಲ್ವಾ?

ಕೆಲವು ವಾರ ಬಿಟ್ಟು ಚುಚ್ಚಿದ ಜಾಗ ಕೆಂಪಗೆ ಗಂಟಾಗಿ, ಸ್ವಲ್ಪ ಕೀವು ಬರಬಹುದು. ಹಿಂಡಬೇಡಿ, ಮುಲಾಮು ಹಚ್ಚಬೇಡಿ. ತಾನೇ ಒಣಗುತ್ತದೆ. ಕಂಕುಳಲ್ಲಿ ಗಂಟು ದೊಡ್ಡದಾಗುತ್ತಾ ಬಂದರೆ ಮಾತ್ರ ಮಗುವನ್ನು ತೋರಿಸಿ.