ಅಗ್ಗದ ಚಿತ್ರವೆಂದು ಮೂಗು ಮುರಿಯುವ ಮುನ್ನ

ಹುಬ್ಬಳ್ಳಿಯ ಓದುಗರೊಬ್ಬರ ಪತ್ರ: "1930ರ ದಶಕದ ಹಾಲಿವುಡ್‌ನ ಬಂದರುಕಟ್ಟೆ ಕ್ರೈಮ್ ಚಿತ್ರಗಳಿಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಸುರಿದಿದ್ದೀರಿ. ಚಿಲ್ಲರೆ ದುಡ್ಡಲ್ಲಿ ಸುತ್ತಿದ ಸರಕು ಅದು. ಒಂದನ್ನು ಇಂಟರ್‌ನೆಟ್ಟಲ್ಲಿ ನೋಡಿದೆ, ಎಲ್ಲಾ ಮಸುಕು. ಬಂದರಿನ ಬದುಕಿಗೆ ‘ಆನ್ ದ ವಾಟರ್‌ಫ್ರಂಟ್’ ಒಂದೇ ಸಾಕಲ್ವಾ?"

ಸಂಪಾದಕರ ಉತ್ತರ: 1954ರ ಆ ಚಿತ್ರಕ್ಕೆ 8 ಆಸ್ಕರ್ ಬಂದವು. ಬ್ರಾಂಡೊ ನಟನೆಗೆ ನಾನೂ ಕೈಮುಗಿಯುತ್ತೇನೆ. ಆದರೆ ಅದು ತೆರೆಗೆ ಬರುವ ಹೊತ್ತಿಗೆ ಮಹಾಕುಸಿತ (1930ರ ದಶಕದ ಆರ್ಥಿಕ ಬಿಕ್ಕಟ್ಟು) ಹಳೆಯ ಕಥೆಯಾಗಿತ್ತು. ನಾವು ಬರೆದದ್ದು ಹಸಿವು ಬೀದಿಯಲ್ಲಿದ್ದಾಗಲೇ ತೆಗೆದ ಚಿತ್ರಗಳ ಬಗ್ಗೆ.

1933ರಲ್ಲಿ ಅಮೆರಿಕದ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಜನರನ್ನು ಸೆಳೆಯಲು ಟಾಕೀಸಿನವರು ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸತೊಡಗಿದರು. ಎರಡನೆಯದನ್ನು ಒದಗಿಸಿದವರಲ್ಲಿ ‘ಪಾವರ್ಟಿ ರೋ’ ಎಂದು ಅಡ್ಡಹೆಸರು ಬಿದ್ದ ಬಡ ಸ್ಟುಡಿಯೊಗಳೂ ಇದ್ದವು. ವಾರ, ಹತ್ತು ದಿನದಲ್ಲಿ ಶೂಟಿಂಗ್ ಮುಗೀಬೇಕು. ಸೆಟ್ಟಿಗೆ ದುಡ್ಡಿಲ್ಲವೇ? ಹೊಗೆ ಬಿಟ್ಟು ಮಂಜು ಅನ್ನು. ಹಡಗು ಬೇಕೇ? ಹಳೆಯ ತುಣುಕು ಅಂಟಿಸು. ನಗು ಬರುತ್ತೆ, ಸರಿ. ಆದರೆ ಬಡವರ ಮನೆಯನ್ನು ಚೆಂದ ಮಾಡಿ ತೋರಿಸಲೂ ಅವರ ಹತ್ತಿರ ಕಾಸಿರಲಿಲ್ಲ!

1933ರ ‘ಐ ಕವರ್ ದ ವಾಟರ್‌ಫ್ರಂಟ್’ ನೋಡಿ. ಪಾವರ್ಟಿ ರೋದಷ್ಟು ಬಡವಲ್ಲ, ದೊಡ್ಡ ಸ್ಟುಡಿಯೊದ್ದೂ ಅಲ್ಲ. ಒಂದೂಕಾಲು ಗಂಟೆಯ ಚಿತ್ರ. ಮೀನುಗಾರ ಎಲಿ ಕರ್ಕ್ ಚೀನೀಯರನ್ನು ಗುಟ್ಟಾಗಿ ಅಮೆರಿಕಕ್ಕೆ ಸಾಗಿಸುತ್ತಾನೆ. ಶಾರ್ಕ್ ಮೀನಿನ ಹೊಟ್ಟೆಯೊಳಗೆ ಮನುಷ್ಯರನ್ನು ತುರುಕುತ್ತಾನೆ. ಕಾವಲು ದೋಣಿ ಹತ್ತಿರ ಬಂದಾಗ ಒಬ್ಬನನ್ನು ಸರಪಳಿ ಸಮೇತ ಸಮುದ್ರಕ್ಕೆ ನೂಕಿಬಿಡುತ್ತಾನೆ. ಸುದ್ದಿ ಹಿಡಿಯಲು ಬಂದ ವರದಿಗಾರ ಅವನ ಮಗಳ ಜೊತೆ ಪ್ರೀತಿಯ ನಾಟಕ ಆಡುತ್ತಾನೆ (ನಮ್ಮ ವೃತ್ತಿಯವರು ಇದನ್ನು ತಪ್ಪದೆ ನೋಡಬೇಕು). ಚೀನೀ ಕೂಲಿಗಳನ್ನು ಹೊರಗಿಟ್ಟ 1882ರ ಕಾನೂನು ರದ್ದಾದದ್ದು 1943ರಲ್ಲಿ. ಆ ಕಾನೂನಿಲ್ಲದೆ ಎಲಿಯ ಧಂದೆಯೇ ನಡೆಯುತ್ತಿರಲಿಲ್ಲ.

ತೆರೆಯ ಹೊರಗೆ ಮರುವರ್ಷದ ಕಥೆ ಇನ್ನೂ ಕಹಿ. ಹಡಗುಕಟ್ಟೆಯಲ್ಲಿ ಕೂಲಿಗಳು ಬೆಳಗಾದರೆ ಗುಂಪುಗೂಡಿ ನಿಲ್ಲಬೇಕು, ಮೇಸ್ತ್ರಿ ಬೆರಳು ತೋರಿಸಿದವನಿಗಷ್ಟೇ ಅವತ್ತಿನ ಕೂಲಿ. ಇದರ ವಿರುದ್ಧ 1934ರ ಮೇ 9ರಂದು ಅಮೆರಿಕದ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಮುಷ್ಕರ ಶುರುವಾಯಿತು. ಜುಲೈ 5ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಅದೇ ಜುಲೈನಲ್ಲಿ ಜೋಸೆಫ್ ಬ್ರೀನ್ ಕಚೇರಿ (ಚಿತ್ರೋದ್ಯಮದ್ದೇ ಸೆನ್ಸಾರ್ ಕಚೇರಿ) ಹಾಲಿವುಡ್ ಚಿತ್ರಗಳಿಗೆ ನೀತಿಸಂಹಿತೆಯ ಕತ್ತರಿ ಬಿಗಿಮಾಡಿತು. ಚುಂಬನದ ಉದ್ದ ಅಳೆದವರ ಬಗ್ಗೆ ಪುಸ್ತಕಗಟ್ಟಲೆ ಬರೆದಿದ್ದಾರೆ. ಮೇಸ್ತ್ರಿಯ ಬೆರಳನ್ನು ತೆರೆಗೆ ತಂದವರೆಷ್ಟು ಎಂದು ಕೇಳುವವರು ಕಡಿಮೆ.

ಇನ್ನು ಮಸುಕಿನ ಮಾತು. ಆಗಿನ ಅಮೆರಿಕದ ಕಾನೂನಿನಲ್ಲಿ 28 ವರ್ಷಕ್ಕೆ ಚಿತ್ರದ ಕೃತಿಸ್ವಾಮ್ಯದ ಹಕ್ಕು ನವೀಕರಿಸಬೇಕಿತ್ತು. ಸಣ್ಣ ಕಂಪನಿಗಳು ಅಷ್ಟರಲ್ಲಿ ಬಾಗಿಲು ಹಾಕಿದ್ದವು. ಎಷ್ಟೋ ಚಿತ್ರಗಳು ವಾರಸುದಾರರಿಲ್ಲದೆ ನಕಲಿನ ನಕಲಾಗಿ ತಿರುಗಿದವು. ಶ್ರೀಮಂತ ಚಿತ್ರಕ್ಕೆ ಹೊಸ ಪ್ರಿಂಟ್, ಬಡ ಚಿತ್ರಕ್ಕೆ ಬೂಸಲು. ಆಮೇಲೆ ನಾವು ಕೂತು ಕಲೆಯ ದರ್ಜೆ ನಿರ್ಧರಿಸುತ್ತೇವೆ! ಪ್ರಶಸ್ತಿ ಪಟ್ಟಿಯನ್ನೇ ಸಿನಿಮಾ ಚರಿತ್ರೆ ಎಂದು ನಂಬಿಸಿದ ನಮ್ಮ ಪತ್ರಿಕೆಗಳಿಗೂ ಇದರಲ್ಲಿ ಪಾಲಿದೆ.

ನೀವು ಶ್ರದ್ಧೆಯಿಂದ ಓದುವವರು, ಪತ್ರದಲ್ಲೇ ಗೊತ್ತಾಗುತ್ತೆ. ಎಲಿ ಕರ್ಕ್‌ನನ್ನು ಒಮ್ಮೆ ಪೂರ್ತಿ ನೋಡಿ. ಆಮೇಲೂ ನಾಲ್ಕು ಪುಟ ಜಾಸ್ತಿಯಾಯಿತು ಅನ್ನಿಸಿದರೆ ಬರೆಯಿರಿ, ಆ ಪತ್ರವನ್ನೂ ಹಾಕುತ್ತೇವೆ.